ಹಾಲಿನ ಲೆಕ್ಕದ ಪುಸ್ತಕದಲ್ಲಿ ಒಂದು ನಾಯಿಯ ನೋವು

ಗುಂಡ ಅಳಲಿಲ್ಲ, ಕುಂಯ್‌ಗುಟ್ಟಲಿಲ್ಲ, ಕುಂಟಲೂ ಇಲ್ಲ. ಗೇಟು ಸದ್ದಾದರೆ ಎದ್ದು ಓಡುವುದನ್ನು ಬಿಟ್ಟ, ಅಷ್ಟೆ. ಪೇಪರಿನ ಹುಡುಗ ಬಂದರೆ ಮಲಗಿದಲ್ಲಿಂದಲೇ ಒಂದು ಸಲ ಬಾಲ ಬಡಿದು ಹಾಜರಿ ಹಾಕುತ್ತಿದ್ದ. ‘ವಯಸ್ಸಾಯ್ತಲ್ಲ, ಗಂಭೀರ ಆಗಿದಾನೆ’ ಎಂದು ಅಮ್ಮ ಮೆಚ್ಚಿಕೊಂಡರು. ಒಂಬತ್ತು ವರ್ಷದ ಲ್ಯಾಬ್ರಡಾರ್ ಗಂಭೀರನಾಗಿರಲಿಲ್ಲ, ಅವನ ಸೊಂಟ ಹಿಡಿದುಕೊಂಡಿತ್ತು ಎಂದು ತಿಳಿಯಲು ನಮಗೆ ನಾಲ್ಕು ತಿಂಗಳು ಬೇಕಾಯಿತು. ಅದೂ ತಿಳಿದದ್ದು ಉಗುರಿನಿಂದ. ಹಿಂಗಾಲಿನ ಉಗುರುಗಳು ಒಂದೇ ಕಡೆ ಸವೆದು ಚಪ್ಪಟೆಯಾಗಿದ್ದವು. ಕಾಲು ಎತ್ತಿ ಇಡುವ ಬದಲು ಎಳೆಯುತ್ತಿದ್ದ.

ಮೈಸೂರಿನ ನಮ್ಮ ಪಶುವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದರು: ‘ಮೇಡಂ, ಬಾಗಿಲಿಗೆ ಕಾಲು ಸಿಕ್ಕಿದರೆ ನಾಯಿ ಕಿರುಚುತ್ತೆ. ದಿನಾ ಇರೋ ನೋವಿಗೆ ಅದು ಸುಮ್ಮನಾಗುತ್ತೆ.’ ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ ತೊಡೆಮೂಳೆಯ ತಲೆ ಸೊಂಟದ ಬಟ್ಟಲಿನೊಳಗೆ ದುಂಡಗೆ ಕೂತಿರಬೇಕು. ಗುಂಡನದು ಅಂಚಿಗೆ ಒರಗಿತ್ತು. ಒರಳೂ ಆಳವಿಲ್ಲ, ಗುಂಡೂ ದುಂಡಗಿಲ್ಲ. ಹಿಪ್ ಡಿಸ್‌ಪ್ಲೇಸಿಯಾ ಎನ್ನುವ ಈ ದೋಷ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ವಂಶದಲ್ಲೇ ಬರುತ್ತದೆ. ಸಡಿಲ ಕೀಲು ವರ್ಷಗಟ್ಟಲೆ ತಿಕ್ಕಾಡಿ ಮೃದ್ವಸ್ಥಿ ಸವೆಯುತ್ತದೆ, ಮೂಳೆ ಅಂಚಿನಲ್ಲಿ ಮುಳ್ಳಿನಂತೆ ಬೆಳೆಯುತ್ತದೆ. ಅದಕ್ಕೆ ಆಸ್ಟಿಯೋಆರ್ಥ್ರೈಟಿಸ್ ಎಂದು ಹೆಸರು. ನಮ್ಮ ಮಾತಿನಲ್ಲಿ ಕೀಲು ಸವೆತ. ಸವೆದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ.

ಎಕ್ಸ್‌ರೇ ಮನೆಗೆ ಬರುವ ಮೊದಲೇ ಮದ್ದುಗಳು ಬಂದವು. ಎದುರುಮನೆಯವರು ಮಹಾನಾರಾಯಣ ತೈಲದ ಬಾಟಲಿ ಕೊಟ್ಟರು. ನಮ್ಮೆಜಮಾನರ ಅಕ್ಕ ಹೋಮಿಯೋಪತಿ ಗುಳಿಗೆ ಕಳಿಸಿದರು. ಬೆಂಗಳೂರಿನ ಗೆಳತಿಯೊಬ್ಬಳು ಅಕ್ಯುಪಂಕ್ಚರ್ ಮಾಡುವ ಪಶುವೈದ್ಯರ ನಂಬರು ಕೊಟ್ಟಳು. ವಾಕಿಂಗಿನಲ್ಲಿ ಸಿಗುವ ಒಬ್ಬರು ‘ಗಾಂಜಾ ಎಣ್ಣೆ’ ಎಂದು ಕಿವಿಯಲ್ಲಿ ಹೇಳಿದರು. ಅರಿಶಿನ ಹೇಳದವರೇ ಇಲ್ಲ. ವೈದ್ಯರು ಬರೆದುಕೊಟ್ಟದ್ದು ಮೆಲಾಕ್ಸಿಕಾಮ್ ಎಂಬ ನೋವುನಿವಾರಕ, ಅದರ ಜೊತೆಗೆ ‘ತೂಕ ಇಳಿಸಿ’ ಎಂಬ ಒಂದು ಸಾಲು. ಆ ಸಾಲನ್ನು ಯಾರೂ ಓದಲಿಲ್ಲ.

ಇಷ್ಟು ಜನ ಯಾಕೆ ಇಂಗ್ಲಿಷ್ ಮದ್ದು ಬಿಟ್ಟು ಬೇರೆ ದಾರಿ ಹುಡುಕುತ್ತಾರೆ ಎಂದರೆ ಅದಕ್ಕೆ ನ್ಯಾಯವಾದ ಕಾರಣವಿದೆ. ಮೆಲಾಕ್ಸಿಕಾಮ್, ಕಾರ್ಪ್ರೊಫೆನ್ ಜಾತಿಯ ಮದ್ದುಗಳು ಕೀಲುನೋವಿಗೆ ಇವತ್ತಿಗೂ ಮೊದಲ ಸಾಲಿನವು, ಕೆಲಸ ಮಾಡುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಆದರೆ ಹೊಟ್ಟೆಯ ಒಳಪದರ, ಮೂತ್ರಪಿಂಡ, ಲಿವರ್ ಮೂರರ ಮೇಲೂ ಅವುಗಳ ಕಣ್ಣು. ವರ್ಷಾನುಗಟ್ಟಲೆ ಕೊಡಬೇಕಾದ ಮುದಿನಾಯಿಗೆ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಕಿಡ್ನಿ ಆಗಲೇ ಸೋತಿದ್ದರೆ ಕೊಡುವುದೇ ಕಷ್ಟ. ಆ ಬಾಗಿಲು ಮುಚ್ಚಿದವರು ಪಕ್ಕದ ಬಾಗಿಲು ತಟ್ಟಿದರೆ ತಪ್ಪೇನು?

ಇನ್ನೊಂದು ಜಾತಿಯ ಜನರಿದ್ದಾರೆ, ತಮ್ಮ ಮಂಡಿನೋವಿನ ಮಾತ್ರೆಯನ್ನೇ ಅರ್ಧ ಮುರಿದು ನಾಯಿಗೆ ಹಾಕುವವರು. ಅದು ಬೇಡವೇ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಡೈಕ್ಲೊಫೆನಾಕ್ ಎಂದಾಗ ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳನ್ನು ನೆನೆಯದೆ ಇರಲಾಗದು. ದನಗಳಿಗೆ ಕೊಟ್ಟ ಈ ನೋವಿನ ಮದ್ದು ಅವುಗಳ ಹೆಣದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಕಿಡ್ನಿ ಕೆಟ್ಟು, ದೇಶದ ರಣಹದ್ದುಗಳ ಸಂತತಿಯೇ ಕುಸಿಯಿತು. 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದಾಗ ಬದಲಿಯಾಗಿ ಸೂಚಿಸಿದ್ದು ಮೆಲಾಕ್ಸಿಕಾಮ್. ಗುಂಡನ ಮದ್ದಿನ ಡಬ್ಬಿಯಲ್ಲಿರುವುದೂ ಅದೇ. ಒಂದು ಪ್ರಾಣಿಗೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗಲು ಮೈಯ ಗಾತ್ರ ಮಾತ್ರ ಕಾರಣವಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಪ್ರಾಣಿವೈದ್ಯ ನಮಗೇನೂ ಹೊಸದಲ್ಲ. ಚಾಲುಕ್ಯರ ಕೀರ್ತಿವರ್ಮ ಹೆಚ್ಚುಕಡಿಮೆ ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ನಾಯಿಯ ಮೇಲಿನ ಮಮತೆಯೂ ಹೊಸದಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ, ಕಾಡುಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನೆಡಿಸಿ ಪೂಜೆಗೆ ಭೂಮಿ ಬಿಟ್ಟ ಕಥೆಯಿದೆ. ಆದರೆ ಕಾಳಿ ಸತ್ತದ್ದು ಕಾದಾಟದಲ್ಲಿ. ಹದಿಮೂರು ವರ್ಷ ಬದುಕಿ, ಸೊಂಟ ಸವೆದು, ಗ್ರಾನೈಟ್ ನೆಲದ ಮೇಲೆ ಜಾರುವ ನಾಯಿ ಈ ಕಾಲದ ಪ್ರಾಣಿ. ಅದಕ್ಕೆ ಹಳೆಯ ಪುಸ್ತಕದಲ್ಲಿ ನೇರ ಮದ್ದು ಹುಡುಕುವುದು ಅಷ್ಟು ಸುಲಭವಲ್ಲ.

ನಮ್ಮಜ್ಜನ ಮನೆಯಲ್ಲಿ ಎತ್ತು ಕುಂಟಿದರೆ ಬರೆ ಹಾಕಿಸುತ್ತಿದ್ದರು. ಕಾದ ಕುಡುಗೋಲಿನ ತುದಿ, ಸುಟ್ಟ ರೋಮದ ವಾಸನೆ, ಹಗ್ಗ ಹಿಡಿದ ನಾಲ್ಕು ಜನ. ನಾನು ಕೊಟ್ಟಿಗೆಯ ಬಾಗಿಲ ಹಿಂದೆ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಹದಿನೈದು ದಿನಕ್ಕೆ ಎತ್ತು ಸರಿಹೋಗುತ್ತಿತ್ತು, ಬರೆಗೆ ಹೆಸರು ಬರುತ್ತಿತ್ತು. ಬರೆ ಹಾಕಿದ ಎತ್ತನ್ನು ಗಾಯ ಒಣಗುವ ತನಕ ನೊಗಕ್ಕೆ ಕಟ್ಟುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಗುಂಡನ ಎಕ್ಸ್‌ರೇ ನೋಡಿದ ಮೇಲೆ. ಹದಿನೈದು ದಿನದ ಬಿಡುವೇ ಮದ್ದಾಗಿತ್ತೋ ಏನೋ. ಹೆಸರು ಹೋದದ್ದು ಕುಡುಗೋಲಿಗೆ.

ಗುಂಡನಿಗೆ ನಾವು ಮೊದಲು ಶುರುಮಾಡಿದ್ದು ತೈಲ. ದಿನಾ ಸಂಜೆ ಬೆಚ್ಚಗೆ ಮಾಡಿ, ಸೊಂಟ ತೊಡೆಗೆ ಹಚ್ಚಿ ನೀವುವುದು. ಹತ್ತು ದಿನಕ್ಕೆ ನನಗೆ ಖಾತ್ರಿಯಾಯಿತು, ಹುಡುಗ ಚುರುಕಾಗಿದ್ದಾನೆ. ಅಮ್ಮನಿಗೂ ಹಾಗೇ ಕಂಡಿತು. ಎದುರುಮನೆಯವರಿಗಂತೂ ಮೊದಲೇ ಗೊತ್ತಿತ್ತು. ಮುಂದಿನ ಭೇಟಿಯಲ್ಲಿ ವೈದ್ಯರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ‘ಬೆಳಿಗ್ಗೆ ಮಲಗಿದೋನು ನಿಲ್ಲೋಕೆ ಎಷ್ಟು ಸೆಕೆಂಡ್ ಬೇಕು, ರಸ್ತೆ ತುದಿಗೆ ಹೋಗೋಷ್ಟರಲ್ಲಿ ಎಷ್ಟು ಸಲ ನಿಲ್ತಾನೆ, ಬರೆದುಕೊಂಡು ಬನ್ನಿ’ ಎಂದರು. ಕೈಗೆ ಸಿಕ್ಕಿದ್ದು ಹಾಲಿನ ಲೆಕ್ಕದ ಪುಸ್ತಕ. ಒಂದು ಕಡೆ ‘ಒಂದೂವರೆ ಲೀಟರ್’, ಇನ್ನೊಂದು ಕಡೆ ‘ಏಳಲು 14 ಸೆ., ಹೊಂಗೆ ಮರದವರೆಗೆ 5 ಸಲ’. ಮೂರು ವಾರ ತೈಲ ಹಚ್ಚಿ ನೀವುತ್ತಾ ಬರೆದೆ. ಸೆಕೆಂಡು ಹದಿಮೂರು, ಹದಿನೈದು, ಹದಿನಾಲ್ಕು. ನಾನು ಕಂಡ ಚುರುಕು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ನನಗೆ ಅವಮಾನವೇ ಆಯಿತು. ಆಮೇಲೆ ಓದುತ್ತಾ ಹೋದಂತೆ ಗೊತ್ತಾಯಿತು, ಈ ಕಣ್ಣುಕಟ್ಟು ನನ್ನೊಬ್ಬಳದಲ್ಲ.

ಅಮೆರಿಕದ ಸಂಶೋಧಕರಾದ ಕಾನ್‌ಜೆಮಿಯಸ್ ಮತ್ತು ಇವಾನ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೀಲು ಸವೆತದಿಂದ ಕುಂಟುವ 58 ನಾಯಿಗಳಿಗೆ ಕೊಟ್ಟದ್ದು ಮದ್ದೇ ಇಲ್ಲದ ಹುಸಿಮಾತ್ರೆ. ಮನೆಯವರಿಗಾಗಲಿ, ಪರೀಕ್ಷಿಸುವ ವೈದ್ಯರಿಗಾಗಲಿ ಅದು ಗೊತ್ತಿಲ್ಲ. ನಾಯಿಗಳನ್ನು ನೆಲದಲ್ಲಿ ಹೂತ ಒಂದು ಹಲಗೆಯ ಮೇಲೆ ನಡೆಸುತ್ತಾರೆ. ಯಾವ ಕಾಲು ಎಷ್ಟು ಭಾರ ಊರಿತು ಎಂದು ಆ ಹಲಗೆ ಲೆಕ್ಕ ಇಡುತ್ತದೆ. ಹಲಗೆಗೆ ಮಮತೆಯಿಲ್ಲ, ಫೀಸು ಕೊಟ್ಟಿದ್ದೇನೆ ಎಂಬ ಚಿಂತೆಯಿಲ್ಲ. ‘ಏನೂ ಬದಲಾಗಿಲ್ಲ’ ಎಂದು ಅದು ಹೇಳಿದಾಗಲೂ ಮನೆಯವರು ಶೇ 40ರ ಆಸುಪಾಸು ಸಲ ‘ಸುಧಾರಿಸಿದೆ’ ಎಂದರು. ಪಶುವೈದ್ಯರು? ಅವರೂ ಅಷ್ಟೇ, ಕೂದಲೆಳೆ ಹೆಚ್ಚೇ.

ನಾಯಿಗೆ ನಂಬಿಕೆ ಇಲ್ಲ, ಹಾಗಾಗಿ ಅದಕ್ಕೆ ಹುಸಿಮದ್ದು ನಾಟುವುದಿಲ್ಲ, ಅದು ವಾಸಿಯಾಯಿತೆಂದರೆ ಮದ್ದೇ ಕಾರಣ ಎಂಬ ವಾದವನ್ನು ಎಲ್ಲ ಬಗೆಯ ಚಿಕಿತ್ಸೆಯವರೂ ಮುಂದಿಡುತ್ತಾರೆ. ನಾಯಿಗೆ ನಾಟದಿರಬಹುದು, ನೋಡುವವರಿಗೆ ನಾಟುತ್ತದೆ. ಇದರ ಜೊತೆಗೆ ಕೀಲುನೋವಿನ ಗುಣವೂ ಸೇರುತ್ತದೆ. ಅದು ಏರುತ್ತದೆ, ಇಳಿಯುತ್ತದೆ. ಚಳಿಗಾಲದ ಬೆಳಗು ಕಷ್ಟ, ಬಿಸಿಲು ಬಂದರೆ ಪರವಾಗಿಲ್ಲ. ನೋವು ಹೆಚ್ಚಿದ ದಿನವೇ ತಾನೆ ನಾವು ಹೊಸ ಮದ್ದು ಹುಡುಕಿ ಹೊರಡುವುದು? ತಾನಾಗೇ ಇಳಿಯಬೇಕಿದ್ದ ನೋವು ಇಳಿದರೆ ಅವತ್ತು ಕೈಯಲ್ಲಿದ್ದ ಬಾಟಲಿಗೆ ಯಶಸ್ಸು.

ಇಷ್ಟು ಹೇಳಿದ ಮೇಲೆ ಇಂಗ್ಲಿಷ್ ಮದ್ದಿಗೂ ಅದೇ ತಕ್ಕಡಿ ಹಿಡಿಯಬೇಕು. ನಾಯಿಗಳ ಕೀಲುನೋವಿಗೆ ಎಷ್ಟೋ ವರ್ಷ ಟ್ರಾಮಡಾಲ್ ಬರೆದುಕೊಟ್ಟರು. 2018ರಲ್ಲಿ ಅದನ್ನು ಹುಸಿಮದ್ದಿನ ಪಕ್ಕ ನಿಲ್ಲಿಸಿ ಅಳೆದಾಗ ಹೆಚ್ಚೇನೂ ಕೆಲಸ ಮಾಡಲಿಲ್ಲ. ತಿಂಗಳಿಗೊಂದು ಚುಚ್ಚುಮದ್ದಾಗಿ ಬಂದ ಬೆಡಿನ್‌ವೆಟ್‌ಮ್ಯಾಬ್‌ಗೆ ಅಮೆರಿಕದ ಎಫ್‌ಡಿಎ 2023ರಲ್ಲಿ ಅನುಮತಿ ಕೊಟ್ಟಿತು. ಮರುವರ್ಷವೇ ಅದರ ಅಡ್ಡಪರಿಣಾಮಗಳ ಬಗ್ಗೆ ಪಶುವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಿತು. ಬಿಳಿಕೋಟು ಹಾಕಿಕೊಂಡು ಬಂದ ಮದ್ದೆಲ್ಲ ಸತ್ಯ, ಬಾಟಲಿಯಲ್ಲಿ ಎಣ್ಣೆಯಾಗಿ ಬಂದದ್ದೆಲ್ಲ ಸುಳ್ಳು ಎಂದೇನಿಲ್ಲ.

ಎಣ್ಣೆಯ ವಿಷಯಕ್ಕೆ ಮರಳಿದರೆ, ನಾನು ಎಣ್ಣೆ ಬಿಟ್ಟೆ, ನೀವುವುದನ್ನು ಬಿಡಲಿಲ್ಲ. ಹಿಂಗಾಲು ನೋಯುವ ನಾಯಿ ಭಾರವನ್ನೆಲ್ಲ ಮುಂದಕ್ಕೆ ತಳ್ಳುತ್ತದೆ. ಸೊಂಟದ ನೋವಿಗೆ ಹೆಗಲು ದುಡಿದು ದುಡಿದು ಹಲಗೆಯಂತೆ ಬಿಗಿದಿರುತ್ತದೆ. ಫಿಜಿಯೋಥೆರಪಿ ಮಾಡುವವರು ನನ್ನ ಕೈ ಹಿಡಿದು ಗುಂಡನ ಹೆಗಲ ಮೇಲಿಟ್ಟು ಆ ಗಂಟನ್ನು ತೋರಿಸಿಕೊಟ್ಟರು. ನಾನು ಮೂರು ವಾರ ನೀವಿದ್ದು ಸೊಂಟವನ್ನು. ಬಿಗಿದುಕೊಂಡದ್ದು ಹೆಗಲು. ಎಣ್ಣೆ ಬಿಡಲು ಇನ್ನೊಂದು ಕಾರಣವೂ ಇತ್ತು, ಗುಂಡ ಅದನ್ನು ನೆಕ್ಕಿ ನೆಕ್ಕಿ ಭೇದಿ ಹಚ್ಚಿಕೊಂಡ. ಎಳ್ಳೆಣ್ಣೆಯಾದರೆ ಭೇದಿಯಲ್ಲಿ ಮುಗಿಯುತ್ತದೆ. ಕರ್ಪೂರ, ವಿಂಟರ್‌ಗ್ರೀನ್ ಎಣ್ಣೆ ಹಾಕಿದ ನೋವಿನ ಬಾಮು ನಾಯಿಯ ಹೊಟ್ಟೆಗೆ ಹೋದರೆ ವಿಷ. ಬಿಸಿ ಬೇಕೆಂದರೆ ಹಳ್ಳಿಯವರ ಲಕ್ಕಿಸೊಪ್ಪಿನ ಗಂಟಿದೆ. ಸೊಪ್ಪನ್ನು ಬಿಸಿಮಾಡಿ ಬಟ್ಟೆಯಲ್ಲಿ ಕಟ್ಟಿ, ಮೊದಲು ನಮ್ಮ ಮಣಿಕಟ್ಟಿಗೆ ಹಿಡಿದು ನೋಡಿ, ಹತ್ತು ನಿಮಿಷ ಒತ್ತುವುದು. ಕೆಲಸ ಸೊಪ್ಪಿನದೋ ಬಿಸಿಯದೋ ಎಂದು ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಚಳಿಗೆ ಬಿಗಿದ ಸ್ನಾಯು ಬಿಸಿಗೆ ಸಡಿಲಾಗುತ್ತದೆ, ಗುಂಡ ಕಣ್ಣು ಮುಚ್ಚುತ್ತಾನೆ.

ಅರಿಶಿನದ ಕಥೆ ಸ್ವಾರಸ್ಯವಾಗಿದೆ. ಬ್ರಿಟನ್ನಿನಲ್ಲಿ 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೀಲು ಸವೆದ ನಾಯಿಗಳಿಗೆ ಅರಿಶಿನದ ಸಾರ ಕೊಟ್ಟರು. ಪರೀಕ್ಷಿಸಿದ ವೈದ್ಯರಿಗೆ ಗುಣ ಕಂಡಿತು, ಮನೆಯವರಿಗೆ ಇನ್ನೇನು ಕಂಡೇಬಿಟ್ಟಿತು ಎನ್ನುವಂತಿತ್ತು, ಭಾರ ಅಳೆಯುವ ಹಲಗೆ ಮಾತ್ರ ಬಾಯಿ ಬಿಡಲಿಲ್ಲ. ಅದು ಸಾಂದ್ರ ಸಾರದ ಮಾತು. ನಾವು ಮೊಸರನ್ನಕ್ಕೆ ಉದುರಿಸುವ ಅರ್ಧ ಚಮಚ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ಸ್ವಲ್ಪ, ರಕ್ತಕ್ಕೆ ಸೇರುವುದು ಅದಕ್ಕಿಂತ ಸ್ವಲ್ಪ. ಹಾಕಿದರೆ ಕೇಡಿಲ್ಲ, ಹಳದಿ ಮೂತಿ ಸಿಗುತ್ತದೆ. ಆದರೆ ಅದೇ ಉತ್ಸಾಹದಲ್ಲಿ ಬೆಳ್ಳುಳ್ಳಿ, ಈರುಳ್ಳಿ ಸೇರಿಸಿದ ಕಷಾಯಕ್ಕೆ ಕೈಹಾಕಬಾರದು. ನಾಯಿಯ ಕೆಂಪು ರಕ್ತಕಣಗಳನ್ನು ಅವು ಒಡೆಯುತ್ತವೆ. ಹೆಸರಿಲ್ಲದ ಪೊಟ್ಟಣದ ಪುಡಿಯಂತೂ ಬೇಡ. ಮನುಷ್ಯರಿಗೆ ಮಾರುವ ಕೀಲುನೋವಿನ ಇಂಥ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಮೆಲಾಕ್ಸಿಕಾಮ್ ತಿನ್ನುತ್ತಿರುವ ನಾಯಿಗೆ ಮೇಲಿಂದ ಸ್ಟಿರಾಯ್ಡ್ ಬಿದ್ದರೆ ಹೊಟ್ಟೆ ತೂತಾಗುವವರೆಗೂ ಹೋಗಬಹುದು. ಏನೇ ಕೊಡುತ್ತಿದ್ದರೂ ವೈದ್ಯರಿಂದ ಮುಚ್ಚಿಡಬಾರದು. ಬೈಯುತ್ತಾರೆ, ಬೈಸಿಕೊಳ್ಳೋಣ.

ಹೋಮಿಯೋಪತಿ ಗುಳಿಗೆಗಳನ್ನು ಗುಂಡ ಖುಷಿಯಿಂದ ತಿಂದ, ಸಕ್ಕರೆಯಲ್ಲವೇ. ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 2017ರಲ್ಲೇ, ಹೋಮಿಯೋಪತಿ ಅಂಗೀಕೃತ ವೈಜ್ಞಾನಿಕ ತತ್ವಗಳ ಮೇಲೆ ನಿಂತಿಲ್ಲ, ಆಧಾರವಿರುವ ಚಿಕಿತ್ಸೆಗೆ ಅದು ಬದಲಿಯಾಗಬಾರದು ಎಂದಿತು. ನನಗೂ ಅದರ ಮೇಲೆ ಹೇಳಲು ಹೆಚ್ಚೇನಿಲ್ಲ. ಅತ್ತಿಗೆ ಇದನ್ನು ಓದಿದರೆ ಕ್ಷಮಿಸಬೇಕು.

ಕೀಲಿನ ಮಾತ್ರೆಯೆಂದು ಅಂಗಡಿಯಲ್ಲಿ ರಾಶಿ ಬಿದ್ದಿರುವ ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಕಥೆ ಬೇಸರದ್ದು. ಕೆನಡಾದ ಮಾಂಟ್ರಿಯಲ್ ತಂಡ 2022ರಲ್ಲಿ ನಾಯಿ ಬೆಕ್ಕುಗಳ ಮೇಲಿನ ಇಂಥ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ತೂಗಿತು. ಗ್ಲುಕೋಸಮೈನ್-ಕಾಂಡ್ರಾಯ್ಟಿನ್ ನೋವಿಗೆ ಕೆಲಸ ಮಾಡುವುದಿಲ್ಲ ಎಂದೇ ಅದರ ತೀರ್ಪು. ತಿಂಗಳಿಗೆ ಸಾವಿರಗಟ್ಟಲೆ ಸುರಿಯುವುದು ಇದಕ್ಕೇ! ಅದೇ ತೂಕದಲ್ಲಿ ಗೆದ್ದದ್ದು ಮೀನೆಣ್ಣೆಯ ಒಮೆಗಾ-3. ಅದೂ ಪವಾಡವಲ್ಲ, ಉರಿಯೂತವನ್ನು ಒಂದಿಷ್ಟು ತಗ್ಗಿಸುತ್ತದೆ. ನಾಯಿಯ ತೂಕಕ್ಕೆ ಲೆಕ್ಕ ಹಾಕಿ ಕೊಡಬೇಕು, ವಾರಗಟ್ಟಲೆ ಕಾಯಬೇಕು. ಮಡಿವಂತ ಅಮ್ಮ ಮೀನೆಣ್ಣೆಯ ಬಾಟಲಿಗೆ ಹಿತ್ತಿಲ ಗೂಡಿನಲ್ಲಿ ಜಾಗ ಕೊಟ್ಟರು. ಒಳಗೆ ತರಕೂಡದು.

ವಾಕಿಂಗಿನ ಗೆಳೆಯರು ಹೇಳಿದ ‘ಗಾಂಜಾ ಎಣ್ಣೆ’ ಎಂದರೆ ಸಿಬಿಡಿ. ಅಮಲೇರಿಸುವ ಟಿಎಚ್‌ಸಿ ಬೇರೆ, ಇದು ಬೇರೆ. ಕಾರ್ನೆಲ್ ವಿಶ್ವವಿದ್ಯಾಲಯದವರು 2018ರಲ್ಲಿ ಕೆಲವೇ ನಾಯಿಗಳ ಮೇಲೆ ನೋಡಿದಾಗ ನೋವು ತಗ್ಗಿದಂತೆ ಕಂಡಿತು. ಲಿವರಿನ ಒಂದು ಕಿಣ್ವವೂ ಏರಿತು. ಆಮೇಲೆ ಬಂದ ಇನ್ನೊಂದು ಸಣ್ಣ ಪ್ರಯೋಗದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಮುಗಿಯದ ಪ್ರಶ್ನೆ. ಆದರೆ ಟಿಎಚ್‌ಸಿ ಇರುವ ಎಣ್ಣೆಯಾಗಲಿ, ಹಬ್ಬದ ಭಂಗಿಯಾಗಲಿ ನಾಯಿಯ ಬಾಯಿಗೆ ಬಿದ್ದರೆ ತೂರಾಡಿ, ಉಚ್ಚೆ ಸೋರಿ, ಆಸ್ಪತ್ರೆ ಸೇರುತ್ತದೆ.

ಅಕ್ಯುಪಂಕ್ಚರಿಗೆ ನಾನು ಅನುಮಾನದಿಂದಲೇ ಹೋದೆ. ಬೆಂಗಳೂರಿನ ಆ ವೈದ್ಯೆ ಚಾಪೆ ಹಾಸಿ ತಾವೂ ನೆಲಕ್ಕೇ ಕೂತರು, ಗುಂಡನ ಬೆನ್ನು ಸವರಿದರು. ಕೂದಲೆಳೆಯ ಸೂಜಿಗಳು. ಹನ್ನೊಂದು ಎಣಿಸಿದೆ. ಮೂರನೆಯದಕ್ಕೆ ಚರ್ಮ ಒಮ್ಮೆ ಅದುರಿತು, ಏಳನೆಯದರ ಹೊತ್ತಿಗೆ ಗೊರಕೆ. ಇಪ್ಪತ್ತು ನಿಮಿಷ ಆ ಕೋಣೆಯಲ್ಲಿ ಫ್ಯಾನಿನ ಸದ್ದು, ಗುಂಡನ ಗೊರಕೆ ಬಿಟ್ಟರೆ ಬೇರೇನಿಲ್ಲ. ವಾಪಸು ಕಾರಿಗೆ ಹತ್ತುವಾಗ ಮುಂಗಾಲು ತಾನೇ ಎತ್ತಿಟ್ಟ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಸೂಜಿ ಚುಚ್ಚಿದರೆ ನರದ ತುದಿಗಳು ಕೆರಳಿ ಮೈಯೇ ತನ್ನ ನೋವುಶಾಮಕಗಳನ್ನು, ಎಂಡಾರ್ಫಿನ್‌ಗಳನ್ನು, ಬಿಡುತ್ತದೆ ಎಂಬುದರಲ್ಲಿ ತಿರುಳಿದೆ. ಆದರೆ ಸಾವಿರಾರು ವರ್ಷದ ಪರಂಪರೆ ಎನ್ನುವಾಗ ಸ್ವಲ್ಪ ತಡೆಯಬೇಕು. ಚೀನಾದ ಹಳೆಯ ಪಶುವೈದ್ಯರು ಸೂಜಿ ಹಾಕುತ್ತಿದ್ದದ್ದು ಹೆಚ್ಚಾಗಿ ಕುದುರೆ, ದನಗಳಿಗೆ. ಇವತ್ತು ಬಳಸುವ ನಾಯಿಯ ಬಿಂದುಗಳಲ್ಲಿ ಬಹುಪಾಲು ಮನುಷ್ಯನ ನಕ್ಷೆಯಿಂದ ಇಪ್ಪತ್ತನೆಯ ಶತಮಾನದಲ್ಲಿ ಇಳಿಸಿಕೊಂಡವು. 2006ರಲ್ಲಿ ಪ್ರಾಣಿಗಳ ಮೇಲಿನ ಅಕ್ಯುಪಂಕ್ಚರ್ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದವರು, ಮಾಡಿಸಿ ಎನ್ನಲೂ ಬೇಡ ಎನ್ನಲೂ ಸಾಕಷ್ಟು ಆಧಾರವಿಲ್ಲ ಎಂದರು. ಅದೇ ಬಿಂದುಗಳಲ್ಲಿ ಚಿನ್ನದ ಚೂರು ಹೂತಿಡುವ ವಿದ್ಯೆಯೂ ಇದೆ. ಫಿನ್‌ಲ್ಯಾಂಡಿನವರು 2001ರಲ್ಲಿ ಪರೀಕ್ಷಿಸಿ ಹುಸಿ ಚಿಕಿತ್ಸೆಗಿಂತ ಹೆಚ್ಚೇನಿಲ್ಲ ಎಂದರು, ನಾರ್ವೆಯವರು 2006ರಲ್ಲಿ ಗುಣವಿದೆ ಎಂದರು. ಪಕ್ಕಪಕ್ಕದ ದೇಶಗಳು, ಅದೇ ರೋಗ, ಅದೇ ಚಿನ್ನ. ನಮ್ಮ ಹಾಲಿನ ಪುಸ್ತಕ ಹೇಳುವುದು ಇಷ್ಟು: ಸೂಜಿ ಹಾಕಿಸಿದ ಮೂರು ದಿನ ಸೆಕೆಂಡುಗಳು ಎರಡು ಮೂರು ಇಳಿಯುತ್ತವೆ, ಆಮೇಲೆ ಮತ್ತೆ ಏರುತ್ತವೆ. ಸೂಜಿಯ ಗುಣವೋ, ಒಬ್ಬರು ಇಪ್ಪತ್ತು ನಿಮಿಷ ನೆಲದ ಮೇಲೆ ಕೂತು ಮೈಸವರಿದ ಗುಣವೋ, ಒಂದು ನಾಯಿಯ ಲೆಕ್ಕದಿಂದ ತಿಳಿಯುವುದಲ್ಲ.

ಮೈಸವರುವಿಕೆಯನ್ನು ಹಗುರವಾಗಿ ನೋಡಬೇಕಿಲ್ಲ. ವರ್ಷಗಟ್ಟಲೆ ನೋವು ಉಂಡ ಮೈಯಲ್ಲಿ ಬೆನ್ನುಹುರಿಯ ನರಗಳೇ ಬದಲಾಗುತ್ತವೆ. ಸಣ್ಣ ಚುರುಕು ದೊಡ್ಡದಾಗಿ ಕೇಳುತ್ತದೆ, ನೋಯಬಾರದ ಸ್ಪರ್ಶವೂ ನೋಯುತ್ತದೆ. ಆಗ ನೋವು ಕೀಲಿನ ಸಮಾಚಾರವಾಗಿ ಉಳಿಯುವುದಿಲ್ಲ. ನಿದ್ದೆ, ಭಯ, ಒಂಟಿತನ ಎಲ್ಲ ಅದರೊಳಗೆ ಸೇರಿಕೊಳ್ಳುತ್ತವೆ. ಇಡೀ ಪ್ರಾಣಿಯನ್ನು ನೋಡಿ ಎನ್ನುವ ಸಮಗ್ರ ಚಿಕಿತ್ಸೆಯವರ ಮಾತು ಇಲ್ಲಿ ನೂರಕ್ಕೆ ನೂರು ಸರಿ. ನನ್ನ ತಕರಾರು, ಇಡೀ ಪ್ರಾಣಿ ಎಂದು ಶುರುಮಾಡಿ ಕೊನೆಗೆ ಒಂದು ಬಾಟಲಿ ಮಾರುವುದರ ಬಗ್ಗೆ.

ಇಡೀ ಪ್ರಾಣಿಯನ್ನು ನೋಡುವುದೆಂದರೆ ಮೊದಲು ತಕ್ಕಡಿಗೆ ಹತ್ತಿಸುವುದು. ಗುಂಡ 41 ಕಿಲೋ ಇದ್ದ.

ಅಮೆರಿಕದ ಪ್ಯೂರಿನಾ ಕಂಪನಿ 48 ಲ್ಯಾಬ್ರಡಾರ್ ಮರಿಗಳನ್ನು ಎರಡೆರಡಾಗಿ ಜೋಡಿ ಮಾಡಿ ಹದಿನಾಲ್ಕು ವರ್ಷ ಸಾಕಿತು. ಜೋಡಿಯಲ್ಲಿ ಒಂದು ತಿಂದಷ್ಟಕ್ಕೆ ಶೇ 25ರಷ್ಟು ಕಡಿಮೆ ಇನ್ನೊಂದಕ್ಕೆ. ಉಳಿದದ್ದೆಲ್ಲ ಒಂದೇ. 2002ರಲ್ಲಿ ಬಂದ ಫಲಿತಾಂಶ ನೋಡಿ: ಹೆಚ್ಚು ತಿಂದ ಗುಂಪಿನ ನಡುಮಟ್ಟದ ಆಯಸ್ಸು 11.2 ವರ್ಷ, ಕಡಿಮೆ ತಿಂದವುಗಳದು 13. ಅರ್ಧದಷ್ಟು ನಾಯಿಗಳಿಗೆ ಕೀಲು ಸವೆತಕ್ಕೆ ಚಿಕಿತ್ಸೆ ಬೇಕಾದದ್ದು ಮೊದಲ ಗುಂಪಿನಲ್ಲಿ 10.3 ವರ್ಷಕ್ಕೆ, ಎರಡನೆಯದರಲ್ಲಿ 13.3ಕ್ಕೆ. ಮೂರು ವರ್ಷ! ಯಾವ ತೈಲ, ಯಾವ ಸೂಜಿ, ಯಾವ ಮಾತ್ರೆಯೂ ಇಷ್ಟನ್ನು ಕೊಟ್ಟದ್ದಿಲ್ಲ. ಕಡಿಮೆ ಹಾಕಿ ಎಂದು ತೋರಿಸಿಕೊಟ್ಟದ್ದು ನಾಯಿ ಊಟ ಮಾರುವ ಕಂಪನಿಯೇ ಎಂಬುದು ನನಗೆ ಇನ್ನೂ ತಮಾಷೆಯಾಗಿ ಕಾಣುತ್ತದೆ. ಆಗಲೇ ದಪ್ಪಗಾಗಿ ಕುಂಟುವ ನಾಯಿಗೂ ತಡವಾಗಿಲ್ಲ. ಗ್ಲಾಸ್ಗೋದವರು 2010ರಲ್ಲಿ ಕಂಡುಕೊಂಡಂತೆ ಮೈತೂಕದ ಶೇ 6ರಷ್ಟು ಇಳಿದರೇ ಕುಂಟು ಕಡಿಮೆಯಾಗತೊಡಗುತ್ತದೆ. ಗುಂಡನ ಲೆಕ್ಕದಲ್ಲಿ ಎರಡೂವರೆ ಕಿಲೋ.

ಎರಡೂವರೆ ಕಿಲೋ ಇಳಿಸುವುದು ಎಷ್ಟು ಕಷ್ಟ ಎಂದು ನಮ್ಮ ಮನೆಗೆ ಬಂದು ನೋಡಬೇಕು. ಲ್ಯಾಬ್ರಡಾರ್‌ಗಳ ಹೊಟ್ಟೆಬಾಕತನದ ಹಿಂದೆ ಒಂದು ಜೀನಿನ ತುಣುಕು ಕಳೆದುಹೋಗಿರುವ ಸಂಗತಿಯನ್ನು ಕೇಂಬ್ರಿಜ್‌ನವರು 2016ರಲ್ಲಿ ಪತ್ತೆಹಚ್ಚಿದರು. ಹೆಚ್ಚುಕಡಿಮೆ ನಾಲ್ಕರಲ್ಲೊಂದು ಲ್ಯಾಬ್ರಡಾರ್‌ಗೆ ಅದಿದೆ. ಗುಂಡನಿಗೆ ಇದೆಯೋ ಇಲ್ಲವೋ, ಅವನ ತೂಕ ಏರಿಸಿದ್ದು ಜೀನಲ್ಲ, ‘ಪಾಪ’ ಎಂಬ ಎರಡಕ್ಷರ. ಬೆಳಿಗ್ಗೆ ಅಮ್ಮನ ಇಡ್ಲಿಯಲ್ಲಿ ಪಾಪ ಅರ್ಧ. ಹನ್ನೊಂದಕ್ಕೆ ಕೆಲಸದ ರತ್ನಮ್ಮನ ಬನ್ನಿನಲ್ಲಿ ಪಾಪ ಒಂದು ತುಂಡು. ಸಂಜೆ ಮಗನ ಬಿಸ್ಕತ್ತು. ರಾತ್ರಿ ತುಪ್ಪದ ಪಾತ್ರೆ ತೊಳೆಯುವ ಮೊದಲು ಒಂದು ಸಲ ನೆಕ್ಕಲಿ ಪಾಪ. ಸಭೆ ಸೇರಿಸಿ ನಿಷೇಧಾಜ್ಞೆ ಹೊರಡಿಸಿದೆ. ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ‘ನಿಮ್ಮಪ್ಪಂಗೆ ಶುಗರ್ ಬಂದಾಗ್ಲೂ ನಾನು ಇಷ್ಟು ಕಲ್ಲು ಮನಸ್ಸು ಮಾಡಿರಲಿಲ್ಲ ಕಣೆ’ ಎಂದರು. ಕೊನೆಗೆ ರಾಜಿಯಾಯಿತು. ಕೊಡುವುದಾದರೆ ಬೇಯಿಸಿದ ಸೋರೆಕಾಯಿ, ಕ್ಯಾರೆಟ್ಟು. ಏನೇ ಕೊಟ್ಟರೂ ಹಾಲಿನ ಪುಸ್ತಕದಲ್ಲಿ ಬರೆಯಬೇಕು. ಏಳು ತಿಂಗಳಲ್ಲಿ 35 ಕಿಲೋಗೆ ಬಂದ.

ಎರಡನೆಯದು ನೆಲ. ಅಪ್ಪನ ಕಾಲದ ರೆಡ್ ಆಕ್ಸೈಡ್ ನೆಲ ಕಿತ್ತು ನಾವು ಹಾಕಿಸಿದ್ದು ಕನ್ನಡಿಯಂಥ ಟೈಲ್ಸ್. ಮನುಷ್ಯರಿಗೆ ಚೆಂದ. ಸೊಂಟ ಸಡಿಲವಾದ ನಾಯಿಗೆ ಅದು ಎಣ್ಣೆ ಸುರಿದ ಬಂಡೆ. ಪ್ರತಿ ಹೆಜ್ಜೆಗೂ ಜಾರದಂತೆ ಸ್ನಾಯು ಬಿಗಿಹಿಡಿದು ಸಂಜೆ ಹೊತ್ತಿಗೆ ಹೈರಾಣ. ದೇವರಾಜ ಮಾರುಕಟ್ಟೆಯ ಕಡೆಯಿಂದ ನಾರಿನ ಮ್ಯಾಟು ತಂದು, ಅವನು ಮಲಗುವ ಮೂಲೆಯಿಂದ ನೀರಿನ ಬೋಗುಣಿಗೆ, ಅಲ್ಲಿಂದ ಹಿತ್ತಿಲಿಗೆ ಹಾಸಿದೆವು. ಮೊದಲ ದಿನವೇ ಅವನು ಮ್ಯಾಟು ಬಿಟ್ಟು ಆಚೆ ಕಾಲಿಡಲಿಲ್ಲ, ರೈಲು ಹಳಿಯ ಮೇಲೆ ಹೋದ ಹಾಗೆ. ಬೇರೆ ಏನೂ ಬದಲಿಸದ ಆ ವಾರ ಪುಸ್ತಕದಲ್ಲಿ ಏಳುವ ಸೆಕೆಂಡು ಹದಿನಾಲ್ಕರಿಂದ ಒಂಬತ್ತಕ್ಕೆ ಇಳಿದಿದೆ. ಒಟ್ಟು ಚಿಕಿತ್ಸೆಯಲ್ಲಿ ಅತಿ ಅಗ್ಗದ್ದು ಅದೇ.

ಮೂರನೆಯದು ನೀರು. ಸೊಂಟದ ಮಟ್ಟ ನೀರಿದ್ದರೆ ನಾಯಿಯ ಕಾಲುಗಳು ಹೊರುವುದು ಮೈಭಾರದ ಶೇ 38 ಮಾತ್ರ. ಮೊಣಕಾಲಿನ ಮಟ್ಟಕ್ಕಿದ್ದರೆ ಶೇ 85. ಮುಳುಗಿಸುವ ಆಳ ಬೇಕಿಲ್ಲ, ಗೊತ್ತಿಲ್ಲದೆ ಮೊಣಕಾಲುದ್ದ ನೀರಲ್ಲಿ ಓಡಾಡಿಸಿ ‘ಜಲಚಿಕಿತ್ಸೆ’ ಎಂದರೂ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ಗಾಜಿನ ತೊಟ್ಟಿಯೊಳಗೆ ಟ್ರೆಡ್‌ಮಿಲ್ ಇಟ್ಟ ಕೇಂದ್ರಗಳಿವೆ. ಬಿಸಿನೀರು, ಮೇಲೆ ಫಿಜಿಯೋಥೆರಪಿಸ್ಟ್, ಒಳಗೆ ಮುಖ ಸಣ್ಣ ಮಾಡಿಕೊಂಡು ನಡೆಯುವ ನಾಯಿ. ವಾರಕ್ಕೆರಡು ಸಲ ಮೈಸೂರಿನಿಂದ ಹೋಗಿಬರುವುದು ನಮಗೆ ಸಾಧ್ಯವಾಗಲಿಲ್ಲ. ನಂಜನಗೂಡಿನ ಕಡೆ ಗೆಳೆಯರ ತೋಟದ ಪಕ್ಕ, ಹಿಂದೆ ಎತ್ತುಗಳ ಮೈತೊಳೆಯಲು ಇಳಿಸುತ್ತಿದ್ದ ಕೆರೆಯ ಇಳಿಜಾರಿದೆ. ಬೇಸಿಗೆಯ ಭಾನುವಾರಗಳಲ್ಲಿ ಅಲ್ಲಿ ಸೊಂಟಪಟ್ಟಿ ಕಟ್ಟಿ ಹತ್ತು ನಿಮಿಷ ನಡೆಸುತ್ತೇನೆ. ಹೊಲದ ನಡುವಿನ ಕೃಷಿಹೊಂಡಕ್ಕೆ ಮಾತ್ರ ಯಾರೂ ಇಳಿಸಬಾರದು. ಟಾರ್ಪಾಲಿನ ದಡ ಹತ್ತಿಬರಲು ಗಟ್ಟಿಮುಟ್ಟಾದ ನಾಯಿಗೂ ಆಗದು.

ಗುಂಡನಿಗೆ ಈಗ ಹನ್ನೊಂದು. ಮೆಲಾಕ್ಸಿಕಾಮ್ ನಿಂತಿಲ್ಲ, ಪ್ರಮಾಣ ಇಳಿದಿದೆ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಸೂಜಿಗೆ ತಿಂಗಳಿಗೊಮ್ಮೆ ಹೋಗುತ್ತೇವೆ. ಅಷ್ಟು ದೂರ ಅಷ್ಟು ದುಡ್ಡು ಯಾಕೆ ಎಂದು ಕೇಳಿದರೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಅವನು ಗೊರಕೆ ಹೊಡೆಯುವುದನ್ನು ನೋಡುತ್ತಾ ಕೂರುವುದು ನನಗೆ ಹಿತ. ಅದು ಅವನ ಚಿಕಿತ್ಸೆಯ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಪುಸ್ತಕದಲ್ಲಿ ಬರೆದಿಲ್ಲ.

ಪುಸ್ತಕ ಈಗ ಮೂರನೆಯದು. ನಿನ್ನೆಯ ಪುಟದಲ್ಲಿ ನನ್ನ ಸಾಲು: ‘ಒಂದೂವರೆ ಲೀಟರ್. ಏಳಲು 7 ಸೆ. ಹೊಂಗೆ ಮರದವರೆಗೆ 1 ಸಲ, ಅದೂ ಬೆಕ್ಕು ನೋಡಲು.’ ಅದರ ಕೆಳಗೆ, ಅಮ್ಮನ ದುಂಡನೆಯ ಅಕ್ಷರದಲ್ಲಿ: ‘ಇಡ್ಲಿ ಕಾಲು ಭಾಗ ಕೊಟ್ಟಿದ್ದೇನೆ. ತುಪ್ಪ ಇಲ್ಲ.’